ಮುಪ್ಪೂ ನಮ್ಮ ಹಕ್ಕೇ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಶಿಬಿರದ ಪಟ್ಟಿಯಲ್ಲಿ ನನ್ನ ಹೆಸರಿನ ಎದುರಿಗೆ ‘ದಲಿತರು ಮತ್ತು ಆರೋಗ್ಯ’ ಅಂತ ಬರೆದಿದ್ದಾರೆ. ನಾನು ಡಾಕ್ಟರಲ್ಲ. ಬಿ.ಎ. ಓದಿ ಪದ್ಯ ಬರೆಯುವವನು. ಮಾತ್ರೆ ಬರೆದುಕೊಡುವ ಅಧಿಕಾರ ನನಗಿಲ್ಲ. ಆದರೆ ರೋಗ ಯಾರ ಮನೆಗೆ ಮೊದಲು ಬರುತ್ತೆ, ಬಂದ ಮೇಲೆ ಯಾರಿಗೆ ಔಷಧಿ ಸಿಗುತ್ತೆ, ಯಾರಿಗೆ ಬರೀ ಬೈಗುಳ ಸಿಗುತ್ತೆ ಅನ್ನೋದನ್ನ ಡಾಕ್ಟರರಿಗೆ ಮಾತ್ರ ಬಿಟ್ಟುಬಿಡೋಕೆ ಆಗಲ್ಲ. ಭೂಮಿ, ಕೂಲಿ, ಮೀಸಲಾತಿ, ದೌರ್ಜನ್ಯ ಇವುಗಳ ಬಗ್ಗೆ ನಾವು ಗಂಟಲು ಹರಿಯುವ ಹಾಗೆ ಕೂಗಿದ್ದೇವೆ. ಮೈ ಬಗ್ಗೆ ಮಾತಾಡಿದ್ದು ಕಡಿಮೆ. ನಮ್ಮ ಅವ್ವಂದಿರ ಮೈ ಬಗ್ಗೆಯಂತೂ ಇನ್ನೂ ಕಡಿಮೆ.

ಇವತ್ತು ಮೂರು ಕಾಯಿಲೆಗಳ ಹೆಸರು ಹೇಳ್ತೀನಿ. ಒಂದು ಎಚ್‌ಐವಿ. ಎರಡನೆಯದು ಸಕ್ಕರೆ ಕಾಯಿಲೆ. ಮೂರನೆಯದು ಮರೆವು, ಅಂದರೆ ಬುದ್ಧಿ ಮಂಕಾಗುತ್ತಾ ಹೋಗುವುದು. ಪುಸ್ತಕದಲ್ಲಿ ಇವು ಮೂರು ಬೇರೆ ಬೇರೆ ಅಧ್ಯಾಯ. ಆಸ್ಪತ್ರೆಯಲ್ಲಿ ಮೂರು ಬೇರೆ ಬೇರೆ ಕೋಣೆ. ಆದರೆ ಬಾಗಲಕೋಟೆ, ಬೆಳಗಾವಿ, ವಿಜಯಪುರ, ಕೊಪ್ಪಳ, ರಾಯಚೂರು ಜಿಲ್ಲೆಗಳ ನಮ್ಮ ಕೇರಿಗಳಲ್ಲಿ ಈ ಮೂರೂ ಒಂದೇ ಹೆಂಗಸಿನ ಮೈಯಲ್ಲಿ ಬಂದು ಕೂರಬಹುದು. ಯಾಕೆ ಅಲ್ಲೇ, ಯಾಕೆ ಅವಳಲ್ಲೇ ಅನ್ನೋದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆ ಸೀಮೆಯಲ್ಲಿ ಹೊಲೆಯರ ಮಾದಿಗರ ಹುಡುಗಿಯರಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿದರು. ಸವದತ್ತಿ ಎಲ್ಲಮ್ಮನ ಗುಡ್ಡದ ಹೆಸರು ನೀವು ಕೇಳಿದ್ದೀರಿ. ದೇವಿಗೆ ಬಿಟ್ಟವಳು ಅಂತ ಹೆಸರು ದೇವಿಯದ್ದು. ಅನುಭವಿಸಿದವನು ಊರ ಗೌಡ, ಸಾಹುಕಾರ. ಕೇರಿಯವಳ ಕೈಲಿ ನೀರು ಮುಟ್ಟದವನು ರಾತ್ರಿ ಅವಳ ಗುಡಿಸಲಿಗೆ ಬರಬಹುದಾಗಿತ್ತು. ಮಡಿ ಅನ್ನೋದು ಹಗಲಿನ ಕಾನೂನು. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಮಾಡಿತು, 1984ರಲ್ಲಿ ಅದು ಜಾರಿಗೆ ಬಂತು. 1993-94ರ ಸರ್ಕಾರಿ ಸಮೀಕ್ಷೆಯಲ್ಲಿ 22,873 ಮಂದಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2007-08ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಇನ್ನೂ 23,787 ಮಂದಿ. ಎರಡೂ ಸೇರಿ 46,660. ಇಷ್ಟು ಹೆಂಗಸರ ಮೈಯನ್ನು ಒಂದು ಧರ್ಮ ಊರಿಗೆ ಬಿಟ್ಟುಕೊಟ್ಟಿತ್ತು ಅನ್ನೋದು ಸರ್ಕಾರದ ಕಾಗದದಲ್ಲೇ ಇದೆ.

1986 ಅನ್ನೋ ವರ್ಷ ನೆನಪಿಡಿ. ಆ ವರ್ಷ ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನ, ಪೊಲೀಸರನ್ನ ಹಿಡಿದು ಬಡಿದು ಬೆತ್ತಲೆ ಮಾಡಿ ಮೆರವಣಿಗೆ ಮಾಡಿದರು. ದೇವರ ಹೆಸರಿನಲ್ಲಿ ನಮ್ಮ ಹೆಂಗಸರ ಮೈಯನ್ನು ಬಜಾರಿಗೆ ಇಡಬೇಡಿ ಅಂತ ಹೇಳಿದ್ದಕ್ಕೆ ಚಳವಳಿ ಕೊಟ್ಟ ಬೆಲೆ ಅದು. ಅದೇ 1986ರಲ್ಲಿ ಮದ್ರಾಸಿನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಹೆಂಗಸರ ರಕ್ತ ಪರೀಕ್ಷೆ ಮಾಡಿಸಿ, ಭಾರತದಲ್ಲಿ ಎಚ್‌ಐವಿ ಇದೆ ಅಂತ ಮೊದಲ ಸಲ ತೋರಿಸಿದರು. ಅಲ್ಲಿವರೆಗೆ ಅದು ಅಮೆರಿಕದವರ ರೋಗ, ನಮ್ಮ ಸಂಸ್ಕೃತಿ ದೊಡ್ಡದು, ನಮಗೆ ಬರಲ್ಲ ಅಂತ ದೊಡ್ಡವರು ಹೇಳುತ್ತಿದ್ದರು. ಸಂಸ್ಕೃತಿ ಎಷ್ಟು ದೊಡ್ಡದು ಅಂತ ಎಲ್ಲಮ್ಮನ ಗುಡ್ಡದ ಕೆಳಗಿನ ಕೇರಿಗಳಿಗೆ ಮೊದಲೇ ಗೊತ್ತಿತ್ತು.

ಮುತ್ತು ಕಟ್ಟಿದವರಲ್ಲಿ ಎಷ್ಟೋ ಜನ ಹೊಟ್ಟೆಪಾಡಿಗೆ ಸಾಂಗ್ಲಿ, ಮೀರಜ್, ಪುಣೆ, ಮುಂಬೈನ ಕಾಮಾಟಿಪುರಕ್ಕೆ ಹೋದರು. ಕೆಲವರು ಊರಲ್ಲೇ ಉಳಿದರು. ವೈರಾಣು ಲಾರಿ ಹತ್ತಿ, ಬಸ್ಸು ಹತ್ತಿ ಎರಡೂ ಕಡೆಗೆ ಓಡಾಡಿತು. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷೆ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಎಚ್‌ಐವಿ ಕಂಡಿತು. ನೆನಪಿಡಿ, ಇದು ವೃತ್ತಿಯ ಹೆಂಗಸರ ಲೆಕ್ಕ ಅಲ್ಲ, ಸಂಸಾರಸ್ಥರೂ ಸೇರಿದ ಲೆಕ್ಕ. ಇಡೀ ದೇಶದ ಲೆಕ್ಕ ಆಗಲೂ ನೂರಕ್ಕೆ ಒಂದಕ್ಕಿಂತ ಕಡಿಮೆ ಇತ್ತು. ಗಂಡನಿಂದ ಅಂಟಿಸಿಕೊಂಡು, ಗಂಡ ಸತ್ತ ಮೇಲೆ ‘ಗಂಡನ್ನ ತಿಂದವಳು’ ಅನ್ನಿಸಿಕೊಂಡ ಹೆಂಡಂದಿರು ಆ ಲೆಕ್ಕದೊಳಗೇ ಇದ್ದಾರೆ.

ಇಲ್ಲಿ ನಮ್ಮ ಕಡೆಗೂ ಬೆರಳು ತೋರಿಸಿಕೊಳ್ಳಬೇಕು. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಾಗ ಲೋಟ ಒಡೆದವರು ನಾವು. ಎಚ್‌ಐವಿ ಬಂದ ಮೇಲೆ ಕೇರಿಯೊಳಗೇ ಒಂದು ಮೂರನೇ ಲೋಟ ಹುಟ್ಟಿತು. ಅವಳ ತಟ್ಟೆ ಬೇರೆ, ಅವಳ ಹಾಸಿಗೆ ಬೇರೆ, ಅವಳ ಮಗು ಪಕ್ಕದಲ್ಲಿ ಕೂರಬಾರದು. ಎಂಜಲಿನಿಂದ, ಮುಟ್ಟೋದರಿಂದ, ಸೊಳ್ಳೆಯಿಂದ ಎಚ್‌ಐವಿ ಬರಲ್ಲ ಅನ್ನೋದು ನಲವತ್ತು ವರ್ಷದಿಂದ ಗೊತ್ತಿರೋ ವಿಷಯ. ಆದರೂ ಮುಟ್ಟಬಾರದು ಅನ್ನೋ ಆಟ ನಮಗೆ ಯಾರು ಕಲಿಸಿದರು? ನಮ್ಮ ಮೇಲೆ ಆಡಿದವರೇ ಕಲಿಸಿದರು. ಕಲಿತು ನಮ್ಮವಳ ಮೇಲೇ ಆಡಿದ್ದೇವೆ.

ಅವಳು ಮಾತ್ರ ಸುಮ್ಮನೆ ಕೂರಲಿಲ್ಲ. ಸಾಂಗ್ಲಿಯಲ್ಲಿ 1992ರಲ್ಲಿ ‘ಸಂಗ್ರಾಮ’ ಅನ್ನೋ ಸಂಸ್ಥೆ ಶುರುವಾಯಿತು. 1996ರಲ್ಲಿ ಆ ವೃತ್ತಿಯ ಹೆಂಗಸರೇ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಕಟ್ಟಿಕೊಂಡರು. ಅವರಲ್ಲಿ ನಮ್ಮ ಗಡಿ ಜಿಲ್ಲೆಗಳಿಂದ ಹೋದವರು ಬಹಳ. ಅಕ್ಷರ ಬಾರದವರು ನಿರೋಧ್ ಹಂಚಿದರು, ಒಬ್ಬರನ್ನೊಬ್ಬರು ಆಸ್ಪತ್ರೆಗೆ ಕರೆದುಕೊಂಡು ಹೋದರು, ಪೊಲೀಸಿನವನ ಎದುರಿಗೆ ಗುಂಪಾಗಿ ನಿಂತರು. ಇದು ನಮ್ಮ ಚಳವಳಿಯ ಚರಿತ್ರೆಯಲ್ಲಿ ಬರೆಯಬೇಕಾದ ಪುಟ.

ಆಮೇಲೆ ಔಷಧಿ ಬಂತು. ಮೊದಲು ಅದು ಸಾಹುಕಾರರ ಔಷಧಿ. ಪರದೇಶದ ಕಂಪನಿಗಳು ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿನ ಮೇಲೆ ಬೆಲೆ ಇಟ್ಟಿದ್ದವು. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಬಡ ದೇಶಗಳಲ್ಲಿ ಕೆಲಸ ಮಾಡುವ ವೈದ್ಯರ ಸಂಘಟನೆಗೆ ವರ್ಷಕ್ಕೆ 350 ಡಾಲರಿಗೆ ಕೊಡ್ತೀನಿ ಅಂತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಎಆರ್‌ಟಿ ಅನ್ನೋ ಈ ಚಿಕಿತ್ಸೆಯನ್ನು ಪುಕ್ಕಟೆ ಕೊಡೋಕೆ ಶುರು ಮಾಡಿತು. ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017ರಿಂದ ರಕ್ತದಲ್ಲಿ ಎಚ್‌ಐವಿ ಕಂಡ ಎಲ್ಲರಿಗೂ, ಕಾಯಿಸದೆ, ಮಾತ್ರೆ. ದಿನಾ ಸರಿಯಾಗಿ ನುಂಗಿ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ತಗ್ಗಿ ಹಾಗೇ ಉಳಿದರೆ ದೈಹಿಕ ಸಂಬಂಧದಿಂದ ಇನ್ನೊಬ್ಬರಿಗೆ ದಾಟಲ್ಲ. ಇದನ್ನ ಜೋರಾಗಿ ಹೇಳಬೇಕು, ಯಾಕಂದ್ರೆ ಭಯ ಹುಟ್ಟಿಸಿದಷ್ಟು ಜೋರಾಗಿ ಯಾರೂ ಇದನ್ನ ಹೇಳಲಿಲ್ಲ.

2023ರ ಸರ್ಕಾರಿ ಅಂದಾಜಿನ ಪ್ರಕಾರ ದೇಶದಲ್ಲಿ ಎಚ್‌ಐವಿ ಜೊತೆ ಬದುಕುವವರು 25 ಲಕ್ಷಕ್ಕೂ ಹೆಚ್ಚು. ಅತಿ ಹೆಚ್ಚು ಜನ ಇರುವ ಮೂರು ರಾಜ್ಯ ಮಹಾರಾಷ್ಟ್ರ, ಆಂಧ್ರ, ಕರ್ನಾಟಕ. ‘ಬದುಕುವವರು’ ಅಂದೆ. ಊರು ಇವಳು ಸತ್ತಳು ಅಂತ ಬರೆದಿಟ್ಟಿತ್ತು. ಅವಳು ಸಾಯಲಿಲ್ಲ. ತೊಂಬತ್ತರ ದಶಕದಲ್ಲಿ ಇಪ್ಪತ್ತೈದರ ಹುಡುಗಿಯಾಗಿದ್ದವಳಿಗೆ ಇವತ್ತು ಐವತ್ತು ದಾಟಿದೆ. ಅವಳಿಗೆ ಮುಪ್ಪು ಬರ್ತಾ ಇದೆ. ಅವಳು ಮುದುಕಿಯಾಗ್ತಾಳೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಹಾಗಾಗಿ ಅವಳ ಮುಪ್ಪಿಗೆ ಯಾರೂ ತಯಾರಾಗಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿದ್ದು ಇದೇ.

ಈ ಮುಪ್ಪಿನ ಮೈಗೆ ಮೊದಲು ಬರೋದು ಸಕ್ಕರೆ ಕಾಯಿಲೆ. ಶುಗರ್ ಅಂದರೆ ಕೂತು ತಿನ್ನೋರ ಕಾಯಿಲೆ, ನಮಗೆಲ್ಲಿ ಬರುತ್ತೆ ಅಂತ ಕೇರಿಯಲ್ಲಿ ಇನ್ನೂ ಅಂದುಕೊಂಡಿದ್ದಾರೆ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ ಹೊರಬಂತು. ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನು 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ. ಇಷ್ಟು ಕೋಟಿ ಜನ ಸಾಹುಕಾರರು ಈ ದೇಶದಲ್ಲಿ ಎಲ್ಲಿದ್ದಾರೆ ಹೇಳಿ?

ಹಸಿವಿಗೂ ಸಕ್ಕರೆ ಕಾಯಿಲೆಗೂ ನಂಟಿದೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಅವರ ತಂಡ 1993ರಿಂದ ಪುಣೆ ಹತ್ತಿರದ ಹಳ್ಳಿಗಳ ಬಸುರಿಯರನ್ನೂ ಅವರ ಮಕ್ಕಳನ್ನೂ ನೋಡುತ್ತಾ ಬಂದಿದೆ. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದ್ದು 3.5 ಕಿಲೋ. ನಮ್ಮ ಕೂಸಿಗೆ ಮಾಂಸಖಂಡ ಕಡಿಮೆ, ಆದರೆ ತೂಕ ತಗ್ಗಿದಷ್ಟು ಕೊಬ್ಬು ತಗ್ಗಿಲ್ಲ. ನೋಡೋಕೆ ಸಣ್ಣ, ಒಳಗೆ ಕೊಬ್ಬು. ಹೊಟ್ಟೆಯಲ್ಲಿದ್ದಾಗಲೇ ಬರ ನೋಡಿದ ಮೈ ಅದು. ಇಂಥ ಮೈಗೆ ಮುಂದೆ ಅನ್ನ ಸಕ್ಕರೆ ಸಿಕ್ಕಾಗ ಶುಗರ್ ಬೇಗ ಬರುತ್ತೆ, ಡೊಳ್ಳು ಹೊಟ್ಟೆ ಇಲ್ಲದಿದ್ದರೂ ಬರುತ್ತೆ. ಅವಳು ಬಡಕಲಾಗಿದ್ದಾಳೆ, ಅವಳಿಗೆಲ್ಲಿ ಶುಗರ್ ಅಂತ ಯಾರಾದರೂ ಅಂದರೆ ಈ ಪುಣೆಯ ಕೂಸಿನ ಲೆಕ್ಕ ಹೇಳಿ. ಜೋಳದ ರೊಟ್ಟಿ ತಿನ್ನುತ್ತಿದ್ದ ಸೀಮೆಗೆ ರೇಷನ್ನಿನಲ್ಲಿ ಬಂದದ್ದು ಪಾಲಿಶ್ ಅಕ್ಕಿ. ಹಸಿದವರಿಗೆ ಅಕ್ಕಿ ಬೇಕು, ನಾನು ಅಕ್ಕಿಯ ವಿರೋಧಿ ಅಲ್ಲ. ಜೊತೆಗೆ ಜೋಳ, ಬೇಳೆ, ಕಾಳೂ ಬೇಕು ಅಂತ ಕೇಳ್ತೀನಿ. ಇನ್ನು ಮುಧೋಳ, ಜಮಖಂಡಿ ಕಡೆಗೆ ಹೋಗಿ ನೋಡಿ. ಕಣ್ಣು ಹಾಯಿಸಿದಷ್ಟು ಕಬ್ಬು, ಸಾಲುಸಾಲು ಸಕ್ಕರೆ ಕಾರ್ಖಾನೆ. ಕಬ್ಬು ಕಡಿಯುವವರ ಪಾಲಿಗೆ ಆ ಸಕ್ಕರೆ ಎಲ್ಲಿ ಹೋಗಿ ಸೇರುತ್ತೆ ಅಂತ ನಾನು ಪದ್ಯದಲ್ಲಿ ಬರೆಯಬಹುದು. ರಕ್ತ ಪರೀಕ್ಷೆಯ ಚೀಟಿ ಅದಕ್ಕಿಂತ ಚೆನ್ನಾಗಿ ಬರೆದಿರುತ್ತೆ.

ಎಚ್‌ಐವಿ ಇದ್ದವರಿಗೆ ಇನ್ನೂ ಒಂದು ಕಾರಣ ಸೇರುತ್ತೆ. 2004ರಿಂದ ಮೊದಲ ವರ್ಷಗಳಲ್ಲಿ ಕೊಟ್ಟ ಮಾತ್ರೆಗಳಲ್ಲಿ ಸ್ಟಾವುಡಿನ್ ಅಂತ ಒಂದಿತ್ತು. ಅಗ್ಗದ್ದು, ಜೀವ ಉಳಿಸಿತು. ಆದರೆ ಕೆನ್ನೆ ಒಳಕ್ಕೆ ಹೋಗ್ತಿತ್ತು, ಹೊಟ್ಟೆ ಮುಂದಕ್ಕೆ ಬರ್ತಿತ್ತು, ಅಂಗಾಲು ಉರೀತಿತ್ತು, ಮೈಯ ಇನ್ಸುಲಿನ್ ಕೆಲಸ ಕೆಡ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಹಂತಹಂತವಾಗಿ ಬಿಡಿ ಅಂತ ಹೇಳಿತು. ಬಿಟ್ಟರು. ಆದರೆ ಆ ವರ್ಷಗಳಲ್ಲಿ ನುಂಗಿದವರ ಮೈಮೇಲೆ ಅದರ ಗುರುತು ಉಳಿಯಬಹುದು. ಈಗ ಕೊಡುವ ಡೊಲುಟೆಗ್ರಾವಿರ್ ಬಹಳ ಒಳ್ಳೆಯ ಮಾತ್ರೆ, ಆದರೆ ಕೆಲವರಲ್ಲಿ ತೂಕ ಏರಿಸುತ್ತೆ. ಮತ್ತೆ ಅದು ಶುಗರಿನ ಮೆಟ್‌ಫಾರ್ಮಿನ್ ಮಾತ್ರೆಯನ್ನ ರಕ್ತದಲ್ಲಿ ಹೆಚ್ಚು ನಿಲ್ಲಿಸುತ್ತೆ. ಎರಡೂ ನುಂಗುವವರಿಗೆ ಮೆಟ್‌ಫಾರ್ಮಿನ್ ದಿನಕ್ಕೆ 1,000 ಮಿಲಿಗ್ರಾಮಿನ ಒಳಗೆ ಇರಲಿ ಅಂತ ವೈದ್ಯರ ನಿಯಮ.

ಈಗ ಯೋಚನೆ ಮಾಡಿ. ಎಚ್‌ಐವಿ ಮಾತ್ರೆ ಒಂದು ಕೌಂಟರಿನಲ್ಲಿ. ಶುಗರ್ ಮಾತ್ರೆ ಇನ್ನೊಂದು ಕೌಂಟರಿನಲ್ಲಿ. ಎರಡನೇ ಕೌಂಟರಿನಲ್ಲಿ ಮೊದಲನೆಯದರ ಹೆಸರು ಹೇಳೋಕೆ ಅವಳಿಗೆ ಭಯ. ಹೇಳಿದರೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡ್ತಾರೆ, ಸಂಜೆಯೊಳಗೆ ಊರಿಗೆ ಸುದ್ದಿ. ಅವಳು ಹೇಳಲ್ಲ. ಡಾಕ್ಟರಿಗೆ ಗೊತ್ತಾಗಲ್ಲ. ಎರಡು ಮಾತ್ರೆ ಅವಳ ಹೊಟ್ಟೆಯಲ್ಲಿ ಭೇಟಿಯಾಗುತ್ತವೆ, ಎರಡು ಚೀಟಿ ಎಲ್ಲೂ ಭೇಟಿಯಾಗಲ್ಲ. ಅಂಗಾಲು ಉರಿಯೋದು ಹಳೇ ಮಾತ್ರೆಯಿಂದಲೋ, ಶುಗರಿನಿಂದಲೋ, ಎಚ್‌ಐವಿಯಿಂದಲೋ? ಮೂರೂ ಆಗಬಹುದು. ಕೇಳೋರು ಬೇಕಲ್ಲ.

ಇದರಲ್ಲಿ ನಾಚಿಕೆ ಪಡೋದೇನಿಲ್ಲ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. ಇದನ್ನ ನಮ್ಮ ಸಭೆಗಳಲ್ಲಿ ಯಾಕೆ ಹೇಳಲ್ಲವೋ ಗೊತ್ತಿಲ್ಲ. ಸಂವಿಧಾನ ಬರೆಯುವ ವರ್ಷಗಳಲ್ಲೇ ಅವರಿಗೆ ಕಾಲು ನೋವು, ನಿದ್ದೆ ಇಲ್ಲ. ಕಡೆಗೆ ಕಣ್ಣೂ ಮಂದವಾಯಿತು. 1948ರಲ್ಲಿ ಡಾಕ್ಟರ್ ಶಾರದಾ ಕಬೀರ್ ಅವರನ್ನು ಮದುವೆಯಾದರು, ಅವರೇ ಸವಿತಾ ಅಂಬೇಡ್ಕರ್. ಆಮೇಲೆ ಮನೆಯಲ್ಲೇ ಒಬ್ಬ ವೈದ್ಯೆ ಇದ್ದರು. ಅಂಥ ಮೈ ಇಟ್ಟುಕೊಂಡು 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬುದ್ಧನ ಕಡೆಗೆ ನಡೆದರು. ಡಿಸೆಂಬರ್ 6ಕ್ಕೆ ಹೋದರು. ಅಂಥವರಿಗೇ 65 ವರ್ಷ ಮಾತ್ರ ಸಿಕ್ಕಿತು. ಪಕ್ಕದಲ್ಲಿ ಡಾಕ್ಟರ್ ಇಲ್ಲದ, ಬಸ್ ಚಾರ್ಜಿಗೆ ಕಾಸಿಲ್ಲದ ನಮ್ಮ ಅವ್ವನಿಗೆ ಎಷ್ಟು ಸಿಗುತ್ತೆ ಅಂತ ಕೇಳಿಕೊಳ್ಳಿ.

ಈಗ ಮೂರನೆಯದು. ಮರೆವು.

‘ಅರವತ್ತಕ್ಕೆ ಅರಳು ಮರಳು’ ಅಂತ ಗಾದೆ ಹೇಳಿ ಮುಗಿಸಿಬಿಡ್ತೀವಿ. ಒಲೆ ಮೇಲೆ ಇಟ್ಟದ್ದು ಮರೆತಳು, ಸಂತೆಗೆ ಹೋದವಳು ದಾರಿ ತಪ್ಪಿದಳು, ಮೊಮ್ಮಗನ ಹೆಸರು ಬಾಯಿಗೆ ಬರಲಿಲ್ಲ ಅಂದರೆ ಮನೆಯವರು ನಗ್ತಾರೆ, ಆಮೇಲೆ ರೇಗ್ತಾರೆ. ಆದರೆ ಅರಳು ಮರಳು ವಯಸ್ಸಿನ ಕಾಣಿಕೆ ಮಾತ್ರ ಅಲ್ಲ. ಎಚ್‌ಐವಿ ಮೈಗೆ ಸೇರಿದ ಕೆಲವೇ ವಾರಗಳಲ್ಲಿ ಬಿಳಿ ರಕ್ತಕಣಗಳ ಬೆನ್ನು ಹತ್ತಿ ಮಿದುಳಿಗೆ ಹೋಗುತ್ತೆ. ಯೋಚನೆ ಮಾಡುವ ನರಕೋಶವನ್ನೇ ಅದು ಹಿಡಿಯಲ್ಲ. ಪಕ್ಕದ ಕಾವಲು ಕೋಶಗಳಲ್ಲಿ ಮನೆ ಮಾಡಿ ಸಣ್ಣಗೆ ಉರಿ ಇಡುತ್ತೆ. ಆ ಉರಿಗೆ ನರಕೋಶ ಬಾಡುತ್ತೆ. 2007ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು, ಇನ್ನೂ ಎಆರ್‌ಟಿ ಶುರು ಮಾಡದ 119 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ನೂರಕ್ಕೆ ಅರವತ್ತು ಜನರಲ್ಲಿ ನೆನಪು, ಕಲಿಕೆ, ಮಾತಿನ ಓಟದಲ್ಲಿ ಅಲ್ಪ ಇಲ್ಲವೇ ಮಧ್ಯಮ ಕೊರತೆ ಕಂಡಿತ್ತು. ತೀವ್ರ ಅನ್ನುವಂಥದ್ದು ಇರಲಿಲ್ಲ. ಎಆರ್‌ಟಿ ಮಾತ್ರೆ ಬೇಗ ಶುರು ಮಾಡಿದರೆ ಈ ಉರಿ ತಗ್ಗುತ್ತೆ. ಇನ್ನೊಂದು ಕಡೆಯಿಂದ ಸಕ್ಕರೆ ಕಾಯಿಲೆ ಮಿದುಳಿನ ಸಣ್ಣ ರಕ್ತನಾಳಗಳನ್ನ ಕೆಡಿಸುತ್ತೆ. ಬೀಪಿ ಸೇರಿದರೆ ಇನ್ನೂ ಬೇಗ. ಒಂದೇ ಮನೆಗೆ ಎರಡು ಕಡೆಯಿಂದ ಕನ್ನ.

ಮರೆವು ಬಂದ ಮೇಲೆ ಮೂರೂ ಸೇರಿ ಒಂದು ಸುಳಿ ಆಗುತ್ತೆ. ಮಾತ್ರೆ ನುಂಗೋದು ಮರೆತರೆ ವೈರಾಣು ಏಳುತ್ತೆ, ಎದ್ದರೆ ಮಿದುಳಿಗೆ ಮತ್ತೆ ಪೆಟ್ಟು, ಪೆಟ್ಟು ಬಿದ್ದರೆ ಇನ್ನೂ ಮರೆವು. ನುಂಗಿದ್ದು ಮರೆತು ಶುಗರಿನ ಕೆಲವು ಮಾತ್ರೆಯನ್ನ, ಇನ್ಸುಲಿನ್ನನ್ನ ಎರಡು ಸಲ ತಗೊಂಡರೆ ಸಕ್ಕರೆ ಪಾತಾಳಕ್ಕೆ ಇಳಿದು ಎಚ್ಚರ ತಪ್ಪುತ್ತೆ. ‘ಮಾತ್ರೆ ಸರಿಯಾಗಿ ತಗೊಳ್ಳಲ್ಲ, ಹೇಳಿದ್ದು ಕೇಳಲ್ಲ, ಈ ಜನಾನೇ ಹೀಗೆ’ ಅಂತ ಕೌಂಟರಿನ ಹಿಂದಿನಿಂದ ಒಂದು ಮಾತು ಬರುತ್ತಲ್ಲ, ಅದು ಎಷ್ಟೋ ಸಲ ಒಂದು ಕಾಯಿಲೆಯನ್ನ ಜಾತಿಯ ಗುಣ ಅಂತ ಓದೋದು. ನಾವು ಶಾಲೆಯಲ್ಲಿ ‘ದಡ್ಡ’ ಅನ್ನಿಸಿಕೊಂಡು ಬಂದವರು. ನಮ್ಮವರ ಮರೆವನ್ನ ಜಗತ್ತು ದಡ್ಡತನ ಅಂತಲೇ ನೋಡುತ್ತೆ, ಕಾಯಿಲೆ ಅಂತ ನೋಡಲ್ಲ.

ಶಾಲೆ ಅಂದೆ. ಇಲ್ಲಿ ಸ್ವಲ್ಪ ನಿಂತು ಕೇಳಿ, ಇದು ನೇರವಾಗಿ ನಿಮಗೆ ಸೇರಿದ್ದು. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗ, ತಡೆಯಬಹುದಾದ ಹದಿನಾಲ್ಕು ಕಾರಣಗಳನ್ನ ಪಟ್ಟಿ ಮಾಡಿತು. ಇವನ್ನ ಸರಿಪಡಿಸಿದರೆ ಜಗತ್ತಿನ ಬುದ್ಧಿಮಾಂದ್ಯದ ಹೆಚ್ಚುಕಡಿಮೆ ಅರ್ಧದಷ್ಟನ್ನ, ನೂರಕ್ಕೆ 45 ಭಾಗವನ್ನ, ತಡೆಯಬಹುದು ಇಲ್ಲವೇ ಮುಂದೂಡಬಹುದು ಅಂತ. ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇದೆ, ಬೀಪಿ ಇದೆ, ಕಿವುಡು, ಮಂದಗಣ್ಣು, ಖಿನ್ನತೆ, ಕುಡಿತ, ಹೊಗೆ, ಒಂಟಿತನ ಇದೆ. ಬಾಲ್ಯಕ್ಕೆ ಸೇರಿದ್ದು ಒಂದೇ ಒಂದು. ಅದು ಕಡಿಮೆ ವಿದ್ಯೆ. ಚಿಕ್ಕಂದಿನಲ್ಲಿ ಕಲಿತ ಮಿದುಳು ಒಂದು ಗಂಟು ಕಟ್ಟಿಕೊಂಡಿರುತ್ತೆ. ಮುಪ್ಪಿನಲ್ಲಿ ಪೆಟ್ಟು ಬಿದ್ದಾಗ ಆ ಗಂಟು ಬಿಚ್ಚಿ ಬದುಕುತ್ತೆ. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳಕ್ಕೂ ಹೆಚ್ಚು ಜನಕ್ಕೆ, ಅಂದರೆ 88 ಲಕ್ಷ ಜನಕ್ಕೆ, ಈ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಓದಿದವರಿಗಿಂತ ಓದದವರಲ್ಲಿ ಹೆಚ್ಚು.

ಹಳ್ಳಿ, ಹೆಂಗಸು, ಓದಿಲ್ಲ. ಈ ಮೂರು ಮಾತು ಕೂಡಿಸಿದರೆ ಯಾರ ಮುಖ ಕಾಣುತ್ತೆ? ಅವಳನ್ನ ಶಾಲೆಯ ಬಾಗಿಲಿಂದ ಆಚೆ ನಿಲ್ಲಿಸಿದವರು ಅವಳ ಅಕ್ಷರ ಮಾತ್ರ ಕಿತ್ತುಕೊಳ್ಳಲಿಲ್ಲ. ಐವತ್ತು ವರ್ಷ ಆದ ಮೇಲೆ ಬೇಕಾಗುವ ನೆನಪನ್ನೂ ಕಿತ್ತುಕೊಂಡರು. ಹತ್ತು ವರ್ಷದ ಹುಡುಗಿಗೆ ಮುತ್ತು ಕಟ್ಟಿದ್ದರ ಬಾಕಿ ಅರವತ್ತನೇ ವರ್ಷದಲ್ಲೂ ತೀರಿಲ್ಲ.

ಪರೀಕ್ಷೆ ಮಾಡೋಣ ಅಂದರೆ ಪರೀಕ್ಷೆಯೂ ಓದಿದವರದ್ದೇ. ಜಗತ್ತೆಲ್ಲ ಬಳಸುವ ಒಂದು ಹಳೇ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಆದದ್ದು. ಇವತ್ತು ತಾರೀಖು ಎಷ್ಟು, ನೂರರಿಂದ ಏಳು ಏಳು ಕಳೆಯುತ್ತಾ ಹೋಗು, ಒಂದು ವಾಕ್ಯ ಬರೆ, ಈ ಚಿತ್ರ ನೋಡಿ ಹಾಗೇ ಗೀಚು ಅಂತ ಕೇಳುತ್ತೆ. ಪೆನ್ಸಿಲ್ ಹಿಡಿಯದವಳಿಗೆ ಅಲ್ಲೇ ಸೊನ್ನೆ. ಅವಳಿಗೆ ಅಮಾವಾಸ್ಯೆ ಯಾವತ್ತು ಗೊತ್ತು, ಯಾರ ಹೊಲದಲ್ಲಿ ಎಷ್ಟು ದಿನದ ಕೂಲಿ ಬಾಕಿ ಗೊತ್ತು, ಇಡೀ ರಾತ್ರಿ ಹಾಡುವಷ್ಟು ಎಲ್ಲಮ್ಮನ ಪದ ಬಾಯಲ್ಲಿದೆ. ಅದನ್ನ ಯಾರೂ ಕೇಳಲ್ಲ. ಇದು ತಪ್ಪು ಅಂತ ವಿಜ್ಞಾನಿಗಳೇ ಒಪ್ಪಿದ್ದಾರೆ. ಹರಿಯಾಣದ ಬಲ್ಲಭಗಢದಲ್ಲಿ ಓದು ಬಾರದವರಿಗೆ ಹೊಂದುವ ಹಾಗೆ ಪ್ರಶ್ನೆ ಬದಲಿಸಿ 1995ರಲ್ಲಿ ಹಿಂದಿಯಲ್ಲಿ ಪರೀಕ್ಷೆ ಮಾಡಿದರು. ವೈದ್ಯಕೀಯ ಸಂಶೋಧನಾ ಮಂಡಳಿ ಆಮೇಲೆ ಐದು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳ ಪೆಟ್ಟಿಗೆ ಸಿದ್ಧ ಮಾಡಿದೆ. ಕನ್ನಡ ಅದರಲ್ಲಿ ಒಂದು. ಅಂದರೆ ಉಪಕರಣ ಇದೆ. ನಮ್ಮ ಕೇರಿಯ ಹೆಂಗಸಿನ ಎದುರಿಗೆ ಅದನ್ನ ಇಟ್ಟುಕೊಂಡು ಕೂರೋರು ಬೇಕು.

ಇನ್ನೊಂದು ಮಾತು, ಯಾರೂ ಎದೆಗುಂದಬಾರದು ಅಂತ. ಎಲ್ಲ ಮರೆವೂ ಗುಣವಾಗದ ಮರೆವಲ್ಲ. ಬಿ12 ಜೀವಸತ್ವದ ಕೊರತೆಯಿಂದ ಮರೆವು ಬರುತ್ತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೂ ಬಿ12 ತಗ್ಗುತ್ತೆ. ಥೈರಾಯ್ಡ್ ಕೆಟ್ಟರೆ ಬರುತ್ತೆ. ದುಃಖದಿಂದ, ಖಿನ್ನತೆಯಿಂದ ಬರುತ್ತೆ. ಹಳೇ ಸಿಫಿಲಿಸ್, ಮಿದುಳಿಗೆ ಹತ್ತಿದ ಕ್ಷಯ, ಶಿಲೀಂಧ್ರದ ಸೋಂಕು ಇವುಗಳಿಂದ ಬರುತ್ತೆ. ಇವಕ್ಕೆಲ್ಲ ಮದ್ದಿದೆ. ಕಿವಿ ಕೇಳದವಳನ್ನ, ಕಣ್ಣಿಗೆ ಪೊರೆ ಬಂದವಳನ್ನ ಅರಳು ಮರಳು ಅಂತ ಮೂಲೆಗೆ ಕೂರಿಸಿರೋದೂ ಉಂಟು. ಒಂದು ರಕ್ತ ಪರೀಕ್ಷೆ, ಒಂದು ಕನ್ನಡಕ ಒಬ್ಬ ಮನುಷ್ಯಳನ್ನ ಮನೆಗೆ ವಾಪಸ್ ತರಬಹುದು.

ಹಾಗಾದರೆ ನಾವು ಏನು ಕೇಳಬೇಕು, ಏನು ಮಾಡಬೇಕು?

ಕೇಳಬೇಕಾದ್ದು: ಎಆರ್‌ಟಿ ಕೇಂದ್ರಕ್ಕೆ ಬರುವ ನಡುವಯಸ್ಸು ದಾಟಿದ ಪ್ರತಿಯೊಬ್ಬರಿಗೂ ಅಲ್ಲೇ, ಅದೇ ದಿನ, ಶುಗರ್, ಬೀಪಿ ಪರೀಕ್ಷೆ ಆಗಲಿ, ಮಾತ್ರೆಯೂ ಅಲ್ಲೇ ಸಿಗಲಿ. ಎರಡು ಕೌಂಟರ್ ಸುತ್ತಿಸಬೇಡಿ. ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆ, ಅದೂ ಅವಳ ಮಾತಿನಲ್ಲಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯದ ಕಾರ್ಯಕ್ರಮ ಶುರು ಮಾಡಿತು. ಮೊದಲು ಹಿಡಿದದ್ದು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ. ಒಳ್ಳೇದು. ಅದು ಮುಧೋಳದ, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಯ ತನಕ ಬರಲಿ, ಎಚ್‌ಐವಿ ಇದ್ದವರನ್ನ ಮೊದಲ ಸಾಲಿನಲ್ಲಿ ಕೂರಿಸಲಿ ಅನ್ನೋದು ನಮ್ಮ ಬೇಡಿಕೆ. ರೇಷನ್ನಿನಲ್ಲಿ ಜೋಳ, ಬೇಳೆ. ನಮ್ಮ ಹಾಸ್ಟೆಲಿನ ತಟ್ಟೆಯಲ್ಲಿ ಕಾಳು, ಮೊಟ್ಟೆ, ಸೊಪ್ಪು. ಹಾಸ್ಟೆಲ್ ಊಟದ ಜಗಳವನ್ನ ರುಚಿಯ ಜಗಳ ಅಂತ ವಾರ್ಡನ್ ನಗಬಹುದು. ಅದು ನಿಮ್ಮ ನಲವತ್ತನೇ ವರ್ಷದ ಶುಗರಿನ ಜಗಳ, ನಿಮ್ಮ ತಂಗಿ ನಾಳೆ ಹೊರುವ ಬಸುರಿನ ಜಗಳ.

ಮಾಡಬೇಕಾದ್ದು: ರಜಕ್ಕೆ ಊರಿಗೆ ಹೋದಾಗ ಮೂವತ್ತು ದಾಟಿದ ಎಲ್ಲರನ್ನೂ ಶುಗರ್, ಬೀಪಿ ಪರೀಕ್ಷೆಗೆ ಕರೆದುಕೊಂಡು ಹೋಗಿ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಮಾಡಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ. ಬರಿಹೊಟ್ಟೆಯ ಶುಗರ್ 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಅದೂ ಹಾಗೇ ಬಂದರೆ ಕಾಯಿಲೆ. 100ರಿಂದ 125 ಇದ್ದರೆ ಎಚ್ಚರಿಕೆ. ಮನೆಯಲ್ಲಿ ಯಾರಿಗಾದರೂ ಮರೆವು ಅನ್ನಿಸಿದರೆ ನಗಬೇಡಿ, ಯಾವಾಗಿಂದ ಅಂತ ಬರೆದಿಡಿ, ಮಾತ್ರೆಗಳಿಗೆ ವಾರದ ಏಳು ಪೊಟ್ಟಣ ಮಾಡಿಕೊಡಿ, ನುಂಗಿದ ದಿನಕ್ಕೆ ಗೋಡೆ ಮೇಲೆ ಒಂದು ಗೆರೆ ಎಳೆಯೋಕೆ ಹೇಳಿ. ಅಕ್ಷರ ಬಾರದಿದ್ದರೂ ಗೆರೆ ಬರುತ್ತೆ.

ಆದರೆ ಒಂದು ಎಚ್ಚರ. ಯಾರಿಗೆ ಎಚ್‌ಐವಿ ಇದೆ ಅಂತ ಹುಡುಕಿಕೊಂಡು ಹೋಗಬೇಡಿ, ಗೊತ್ತಿದ್ದರೆ ಬಾಯಿ ಬಿಡಬೇಡಿ. ಅದು ಅವಳ ಮಾತು. ಅವಳು ಹೇಳಿದರೆ ಕೇಳಿ, ಕೇಳಿ ಹೊಟ್ಟೆಯಲ್ಲಿಟ್ಟುಕೊಳ್ಳಿ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ಗುಟ್ಟು ಹೊರಗೆ ಹಾಕೋ ಹಾಗಿಲ್ಲ, ಕೆಲಸ, ಮನೆ, ಚಿಕಿತ್ಸೆ, ಓದು ತಪ್ಪಿಸೋ ಹಾಗಿಲ್ಲ. ಶಾಲೆ ಕಾಲೇಜು ಸೇರೋಕೆ ಎಚ್‌ಐವಿ ಪರೀಕ್ಷೆ ತಾ ಅಂತ ಯಾರೂ ಕೇಳೋ ಹಾಗಿಲ್ಲ. ಕೇಳಿದರೆ ಕಾಯ್ದೆಯ ಹೆಸರು ಹೇಳಿ, ಬರೆದುಕೊಡು ಅನ್ನಿ.

ಸಾವಿತ್ರಿಬಾಯಿ ಫುಲೆ ಅವರನ್ನ ನಾವು ಮೊದಲ ಶಿಕ್ಷಕಿ ಅಂತ ನೆನೆಯುತ್ತೇವೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ ಮಗ ಡಾಕ್ಟರ್ ಯಶವಂತನ ಜೊತೆ ಚಿಕಿತ್ಸಾ ಕೇಂದ್ರ ತೆರೆದು, ರೋಗ ಬಂದ ಅಸ್ಪೃಶ್ಯ ಹುಡುಗನನ್ನ ಹೊತ್ತು ತಂದು, ಅದೇ ಪ್ಲೇಗಿನಿಂದ ಮಾರ್ಚ್ 10ರಂದು ತೀರಿಹೋದರು. ಶಾಲೆ ತೆರೆದ ಕೈ, ರೋಗಿಯನ್ನ ಎತ್ತಿದ ಕೈ ಒಂದೇ. ಆ ತಾಯಿಗೆ ಇವೆರಡು ಬೇರೆ ಕೆಲಸ ಅನ್ನಿಸಲಿಲ್ಲ.

ನಮ್ಮವರಿಗೆ ಬಾಲ್ಯ ಸಿಗಲಿಲ್ಲ. ಯೌವನವನ್ನ ಊರವರು ತಿಂದರು. ಉಳಿದಿರೋದು ಮುಪ್ಪು. ಅದನ್ನಾದರೂ ಅವಳು ತನ್ನ ಬುದ್ಧಿ ತನ್ನ ಕೈಲಿಟ್ಟುಕೊಂಡು, ತನ್ನ ಮಕ್ಕಳ ಹೆಸರು ಬಾಯಲ್ಲಿಟ್ಟುಕೊಂಡು ಕಳೆಯಲಿ. ಅದು ಯಾರೂ ಕೊಡುವ ಭಿಕ್ಷೆ ಅಲ್ಲ. ಈ ಶಿಬಿರ ಮುಗಿಸಿ ಹೋಗುವ ಮೊದಲು ಪ್ರತಿ ಹಾಸ್ಟೆಲಿನಿಂದ ಇಬ್ಬರು ತಮ್ಮ ತಾಲ್ಲೂಕಿನ ಹೆಸರು ಬರೆದುಕೊಟ್ಟು ಹೋಗಿ. ಮುಂದಿನ ರಜದಲ್ಲಿ ಎಲ್ಲೆಲ್ಲಿ ಪರೀಕ್ಷೆಯ ದಿನ ಮಾಡಿಸಬಹುದು ಅಂತ ಕೂತು ಪಟ್ಟಿ ಮಾಡೋಣ.

ಜೈ ಭೀಮ್.